ವಿಮಾನ ಇಳಿದ ಮೇಲೆ ಮೈಸೂರು ತಲುಪುವುದು ಹೇಗೆ?

ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇರುವುದು ದೇವನಹಳ್ಳಿ ಬಳಿ, ಬೆಂಗಳೂರಿನ ಉತ್ತರಕ್ಕೆ. ಮೈಸೂರು ರಸ್ತೆ ಶುರುವಾಗುವುದು ಊರಿನ ನೈಋತ್ಯದಲ್ಲಿ. ನಡುವೆ ಇಡೀ ಬೆಂಗಳೂರನ್ನು ದಾಟಬೇಕು. ಒಟ್ಟು ದೂರ ಸುಮಾರು 185 ಕಿ.ಮೀ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿಯಿಂದಾಗಿ ಕೊನೆಯ ಭಾಗ ಸಲೀಸಾಗಿದೆ. ಆದರೆ ಹೆಬ್ಬಾಳದಿಂದ ನಾಯಂಡಹಳ್ಳಿವರೆಗಿನ ಸಂಚಾರ ದಟ್ಟಣೆ ಹಾಗೆಯೇ ಇದೆ. ಬೆಳಿಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಒಂಬತ್ತರವರೆಗೆ ಊರು ದಾಟುವುದಕ್ಕೇ ಎರಡು ಗಂಟೆ ಹಿಡಿಯಬಹುದು. ಹಾಗಾಗಿ ಲೆಕ್ಕ ಹಾಕುವಾಗ ಮೈಸೂರಿನ ದೂರಕ್ಕಿಂತ ಬೆಂಗಳೂರು ದಾಟುವ ಹೊತ್ತನ್ನು ನೋಡಿಕೊಳ್ಳಿ.

ಮೊದಲ ಆಯ್ಕೆ: ಫ್ಲೈಬಸ್

ಕೆಎಸ್‌ಆರ್‌ಟಿಸಿಯ ಫ್ಲೈಬಸ್ ವಿಮಾನ ನಿಲ್ದಾಣದಿಂದ ನೇರ ಮೈಸೂರಿಗೆ ಹೋಗುವ ಹವಾನಿಯಂತ್ರಿತ ಬಸ್. ಹಗಲೂ ರಾತ್ರಿಯೂ ಓಡುತ್ತದೆ. ಪ್ರಯಾಣ ಸುಮಾರು ನಾಲ್ಕು ಗಂಟೆ. ಪೆಟ್ಟಿಗೆ ಹೊತ್ತು ಎಲ್ಲೂ ಬಸ್ ಬದಲಿಸಬೇಕಿಲ್ಲ. ವಯಸ್ಸಾದವರು, ಮಕ್ಕಳು, ಎರಡೆರಡು ದೊಡ್ಡ ಸೂಟ್‌ಕೇಸ್ ಇರುವವರು ಬೇರೆ ಯೋಚನೆಯನ್ನೇ ಮಾಡಬೇಕಿಲ್ಲ.

ಟಿಕೆಟನ್ನು ಕೆಎಸ್‌ಆರ್‌ಟಿಸಿ ಜಾಲತಾಣ ಅಥವಾ ಆ್ಯಪ್‌ನಲ್ಲಿ ಮುಂಗಡ ಕಾಯ್ದಿರಿಸಬಹುದು. ಜನ ಹೆಚ್ಚಾಗಿ ಎಡವುವುದು ಇಲ್ಲಿಯೇ.

ಮೊದಲನೆಯದು ಸಮಯ. ವಿಮಾನ ನೆಲ ಮುಟ್ಟುವ ಹೊತ್ತಿಗೆ ಬಸ್ ಬುಕ್ ಮಾಡಬೇಡಿ, ನೀವು ಹೊರಬಾಗಿಲಿಗೆ ಬರುವ ಹೊತ್ತನ್ನು ಲೆಕ್ಕ ಹಾಕಿ. ದೇಶದೊಳಗಿನ ವಿಮಾನವಾದರೆ, ಬೆಲ್ಟ್‌ನಲ್ಲಿ ಲಗೇಜ್ ಬರಬೇಕಿದ್ದರೆ, ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ವಿದೇಶದಿಂದ ಬರುವವರಿಗೆ ಇಮಿಗ್ರೇಷನ್, ಲಗೇಜ್, ಕಸ್ಟಮ್ಸ್ ಎಲ್ಲ ಸೇರಿ ಒಂದೂವರೆ ಗಂಟೆ ಬೇಕು. ವಿಮಾನ ತಡವಾಗುವ ಸಾಧ್ಯತೆಗೆ ಇನ್ನೊಂದು ಗಂಟೆ ಸೇರಿಸಿ. ಬಸ್ ನಿಮ್ಮ ವಿಮಾನಕ್ಕಾಗಿ ಕಾಯುವುದಿಲ್ಲ, ತಪ್ಪಿದ ಬಸ್ಸಿನ ದುಡ್ಡೂ ವಾಪಸ್ ಬರುವುದಿಲ್ಲ.

ಎರಡನೆಯದು ತಾರೀಖು. ಕೊಲ್ಲಿ ದೇಶಗಳ, ಯುರೋಪಿನ ಎಷ್ಟೋ ವಿಮಾನಗಳು ನಡುರಾತ್ರಿಯ ನಂತರ ಇಳಿಯುತ್ತವೆ. 14ರ ರಾತ್ರಿ ದುಬೈ ಬಿಟ್ಟವರು ಬೆಂಗಳೂರಿನಲ್ಲಿ ಇಳಿಯುವಾಗ 15 ಆಗಿರುತ್ತದೆ. ಮನೆಯವರು ‘14ರ ರಾತ್ರಿ ಬರುತ್ತಾರೆ’ ಎಂದುಕೊಂಡು 14ಕ್ಕೇ ಬುಕ್ ಮಾಡಿದರೆ ಬಸ್ ಹಿಂದಿನ ದಿನವೇ ಹೋಗಿಬಿಟ್ಟಿರುತ್ತದೆ. ವಿಮಾನದ ಟಿಕೆಟ್‌ನಲ್ಲಿ ‘ಆಗಮನ’ದ ಎದುರಿಗಿರುವ ತಾರೀಖನ್ನು ಮಾತ್ರ ನೋಡಿ.

ಮೂರನೆಯದು ಫೋನ್ ನಂಬರ್. ಬಸ್ ಹೊರಡುವ ಮುಂಚೆ ಗಾಡಿ ನಂಬರಿನ ಎಸ್ಸೆಮ್ಮೆಸ್ ಬರುತ್ತದೆ. ವಿದೇಶಿ ಸಿಮ್ ಇರುವವರು ಊರಿನಲ್ಲಿರುವ ಅಣ್ಣನದ್ದೋ ಅಮ್ಮನದ್ದೋ ನಂಬರ್ ಕೊಟ್ಟು, ಬಂದ ಸಂದೇಶವನ್ನು ಹಾಗೆಯೇ ವಾಟ್ಸ್‌ಆ್ಯಪ್‌ಗೆ ಕಳಿಸಲು ಹೇಳಿ. ಇಳಿದ ಕೂಡಲೇ ನಿಲ್ದಾಣದ ವೈಫೈನಲ್ಲಿ ಓದಿಕೊಳ್ಳಬಹುದು.

ವಿದೇಶದ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ಗೆ ಬರುತ್ತವೆ. ದೇಶದೊಳಗಿನವು ಎರಡಕ್ಕೂ ಹಂಚಿಹೋಗಿವೆ. ಬಸ್ ಟಿಕೆಟ್‌ನಲ್ಲಿ ಹತ್ತುವ ಜಾಗ ಯಾವುದೆಂದು ನೋಡಿಕೊಳ್ಳಿ. ಬೇರೆ ಟರ್ಮಿನಲ್ ಆಗಿದ್ದರೆ ನಡುವೆ ಉಚಿತ ಶಟಲ್ ಬಸ್ ಇದೆ, ಅದಕ್ಕೆ ಇಪ್ಪತ್ತು ನಿಮಿಷ ತೆಗೆದಿಡಿ.

ಬಸ್ ಕೊನೆಗೆ ನಿಲ್ಲುವುದು ಮೈಸೂರಿನ ಸಬರ್ಬ್ ಬಸ್ ಸ್ಟ್ಯಾಂಡ್‌ನಲ್ಲಿ. ಬನ್ನಿಮಂಟಪ, ಎನ್.ಆರ್. ಮೊಹಲ್ಲಾ ಕಡೆಯವರು ಅಷ್ಟು ದೂರ ಹೋಗಿ ಹಿಂದೆ ಬರಬೇಕಿಲ್ಲ. ಊರೊಳಗೆ ಎಲ್ಲಿ ನಿಲ್ಲಿಸುತ್ತಾರೆಂದು ಹತ್ತುವಾಗಲೇ ನಿರ್ವಾಹಕರನ್ನು ಕೇಳಿ, ಲಗೇಜನ್ನು ಡಿಕ್ಕಿಯ ಅಂಚಿಗೆ ಇಡಿಸಿ.

ಫ್ಲೈಬಸ್ ಸಿಗದಿದ್ದರೆ

ಮುಂದಿನ ಫ್ಲೈಬಸ್‌ಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತಿದ್ದರೆ ಕಾಯುತ್ತ ಕೂರಬೇಡಿ. ಬಿಎಂಟಿಸಿಯ ವಾಯುವಜ್ರ ಕೆಐಎ–9 ಹತ್ತಿ ಮೆಜೆಸ್ಟಿಕ್‌ಗೆ ಬನ್ನಿ. ರಸ್ತೆ ಖಾಲಿ ಇದ್ದರೆ ಒಂದು ಗಂಟೆ, ಇಲ್ಲದಿದ್ದರೆ ಒಂದೂವರೆ. ಅಲ್ಲಿಂದ ಎರಡು ದಾರಿಗಳಿವೆ.

ರೈಲಾದರೆ ಮೆಜೆಸ್ಟಿಕ್ ಬಸ್ ನಿಲ್ದಾಣದ ಸುರಂಗ ಮಾರ್ಗ ದಾಟಿದರೆ ಕೆಎಸ್‌ಆರ್ ಬೆಂಗಳೂರು ನಿಲ್ದಾಣ. ಮೈಸೂರಿಗೆ ಇಲ್ಲಿಂದ ಜೋಡಿ ಹಳಿ, ವಿದ್ಯುತ್ ಮಾರ್ಗ. ವೇಗದ ಗಾಡಿಗಳು ಎರಡು ಗಂಟೆ ಚಿಲ್ಲರೆಯಲ್ಲಿ, ಪ್ಯಾಸೆಂಜರ್‌ಗಳು ಮೂರು ಗಂಟೆ ಆಸುಪಾಸಿನಲ್ಲಿ ತಲುಪುತ್ತವೆ. ಮಧ್ಯಾಹ್ನದ ಒಡೆಯರ್ ಎಕ್ಸ್‌ಪ್ರೆಸ್ (2022ರವರೆಗೆ ಟಿಪ್ಪು ಎಕ್ಸ್‌ಪ್ರೆಸ್), ಸಂಜೆಯ ಚಾಮುಂಡಿ ಎಕ್ಸ್‌ಪ್ರೆಸ್ ಎರಡಕ್ಕೂ ದಿನನಿತ್ಯ ಓಡಾಡುವವರ ನೂಕುನುಗ್ಗಲು ಇರುತ್ತದೆ. ಕಾಯ್ದಿರಿಸದೆ ದೊಡ್ಡ ಪೆಟ್ಟಿಗೆಯೊಂದಿಗೆ ಜನರಲ್ ಬೋಗಿ ಹತ್ತುವುದು ಕಷ್ಟ. ಕೈಚೀಲ ಮಾತ್ರ ಇದ್ದರೆ ರೈಲಿನಷ್ಟು ನೆಮ್ಮದಿ, ಅಷ್ಟು ಅಗ್ಗ ಬೇರೆ ಇಲ್ಲ.

ಬಸ್ಸಾದರೆ ಒಂದು ವಿಷಯ ನೆನಪಿಡಿ: ಮೈಸೂರಿನ ಬಸ್ಸುಗಳು ಹೊರಡುವುದು ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ. ಹೊಸಬರು ಮೆಜೆಸ್ಟಿಕ್‌ನಲ್ಲೇ ಹುಡುಕಾಡಿ ಅರ್ಧ ಗಂಟೆ ಕಳೆಯುತ್ತಾರೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಚಲ್ಲಘಟ್ಟ ಕಡೆಗೆ ಆರನೇ ನಿಲ್ದಾಣವಾದ ದೀಪಾಂಜಲಿ ನಗರದಲ್ಲಿ ಇಳಿಯಿರಿ. ಅಲ್ಲಿಂದ ಸ್ಯಾಟಲೈಟ್ ಹತ್ತಿರ. ಮೆಟ್ರೊದಲ್ಲಿ ದೊಡ್ಡ ಸೂಟ್‌ಕೇಸಿಗೆ ಪ್ರತ್ಯೇಕ ಟಿಕೆಟ್ ಕೇಳುತ್ತಾರೆ. ಎರಡು ಮೂರು ಪೆಟ್ಟಿಗೆ ಇದ್ದವರು ಆಟೊ ಮಾಡಿಕೊಳ್ಳುವುದೇ ಮೇಲು.

ಸ್ಯಾಟಲೈಟ್‌ನಲ್ಲಿ ಮೈಸೂರಿನ ಬಸ್ಸಿಗೆ ಹೆಚ್ಚು ಕಾಯಬೇಕಾಗುವುದಿಲ್ಲ. ಆದರೆ ಹತ್ತುವ ಮೊದಲು ‘ಬೈಪಾಸ್‌ನಲ್ಲಿ ಹೋಗುತ್ತದಾ?’ ಎಂದು ಕೇಳಿ. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಒಳಗೆ ಹೋಗುವ ಬಸ್ಸು ಎಷ್ಟೋ ಹೊತ್ತು ಹೆಚ್ಚು ತೆಗೆದುಕೊಳ್ಳುತ್ತದೆ. ಕರ್ನಾಟಕದ ಮಹಿಳೆಯರು ಆಧಾರ್‌ನಂಥ ಗುರುತಿನ ಚೀಟಿ ತೋರಿಸಿ ಸಾಮಾನ್ಯ ಕೆಂಪು ಬಸ್ಸಿನಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಪಡೆಯಬಹುದು. ಫ್ಲೈಬಸ್, ವಾಯುವಜ್ರ, ರಾಜಹಂಸ, ಐರಾವತಗಳಿಗೆ ಇದು ಅನ್ವಯಿಸುವುದಿಲ್ಲ.

ವಿಮಾನ ನಿಲ್ದಾಣದ ಬಳಿಯ ರೈಲು ತಂಗುದಾಣವನ್ನು ನೆಚ್ಚಿಕೊಳ್ಳಬೇಡಿ, ಗಾಡಿಗಳು ತೀರ ಕಡಿಮೆ.

ಕಾರಿನಲ್ಲಿ

ನಾಲ್ಕು ಜನರಿದ್ದರೆ ಟ್ಯಾಕ್ಸಿ ಲೆಕ್ಕಕ್ಕೆ ಬರುತ್ತದೆ. ಆ್ಯಪ್‌ನಲ್ಲಿ ‘ಔಟ್‌ಸ್ಟೇಷನ್’ ಎಂದೇ ಆರಿಸಿ. ಊರೊಳಗಿನ ಟ್ರಿಪ್ ಹಾಕಿ ಆಮೇಲೆ ‘ಮೈಸೂರಿಗೆ ಬಿಡಿ’ ಎಂದರೆ ದರಕ್ಕೆ ಹಿಡಿತವೇ ಇರುವುದಿಲ್ಲ. ಹತ್ತುವ ಮುಂಚೆ ಮೂರು ಮಾತು ಖಚಿತಪಡಿಸಿಕೊಳ್ಳಿ: ಟೋಲ್ ಯಾರದ್ದು, ಚಾಲಕರ ರಾತ್ರಿ ಬಾಟಾ (ಭತ್ಯೆ) ಸೇರಿದೆಯೇ, ಗಾಡಿ ವಾಪಸ್ ಬರುವ ಬಾಡಿಗೆ ಸೇರಿದೆಯೇ. ಹೆದ್ದಾರಿಯಲ್ಲಿ ಬಿಡದಿ ಕಡೆ ಒಂದು, ಶ್ರೀರಂಗಪಟ್ಟಣದ ಬಳಿ ಗಣಂಗೂರಿನಲ್ಲಿ ಇನ್ನೊಂದು ಟೋಲ್ ಇದೆ. ಹೆಬ್ಬಾಳದ ನಂತರ ತುಮಕೂರು ರಸ್ತೆಗೆ ಹೋಗಿ ನೈಸ್ ರಸ್ತೆ ಹಿಡಿದರೆ ನಗರದ ಸಿಗ್ನಲ್‌ಗಳು ತಪ್ಪುತ್ತವೆ, ಅದರ ಟೋಲ್ ಬೇರೆ.

ಊಟ, ಡೀಸೆಲ್, ಶೌಚಾಲಯ ಎಲ್ಲವನ್ನೂ ಹೆದ್ದಾರಿ ಹತ್ತುವ ಮುಂಚೆ ಮುಗಿಸಿ. ಬೈಪಾಸ್‌ಗಳು ಊರುಗಳನ್ನು ಬಿಟ್ಟು ಹೋಗುವುದರಿಂದ ಬಿಡದಿಯ ತಟ್ಟೆ ಇಡ್ಲಿ, ಮದ್ದೂರು ವಡೆ ಬೇಕಿದ್ದವರು ಮೊದಲೇ ಸರ್ವಿಸ್ ರಸ್ತೆಗೆ ಇಳಿಯಬೇಕು. ದಾರಿ ತಪ್ಪಿದರೆ ಹೆದ್ದಾರಿಯಿಂದ ಇಳಿಯುವ ಮುಂದಿನ ದಾರಿ ಬರುವವರೆಗೆ ಕಾಯಬೇಕು. ಎಷ್ಟೇ ಅವಸರವಿದ್ದರೂ ರಿವರ್ಸ್ ಬರಬೇಡಿ.

ಇನ್ನೊಂದನ್ನು ಒತ್ತಿ ಹೇಳಬೇಕು. ಅಮೆರಿಕದಿಂದಲೋ ಯುರೋಪಿನಿಂದಲೋ ರಾತ್ರಿಯೆಲ್ಲ ಹಾರಿ ಬಂದವರು ಸ್ಟಿಯರಿಂಗ್ ಹಿಡಿಯಬಾರದು. ಕರೆದೊಯ್ಯಲು ಬಂದ ಮನೆಯವರೂ ನಿದ್ದೆಗೆಟ್ಟಿರುತ್ತಾರೆ. ಸಿಗ್ನಲ್ ಇಲ್ಲದ, ತಿರುವು ಇಲ್ಲದ ನೇರ ರಸ್ತೆಯಲ್ಲಿ ಕಣ್ಣು ಎಳೆಯುವುದು ಬೇಗ. ಕಾರಿನ ಮಿತಿ ಗಂಟೆಗೆ 100 ಕಿ.ಮೀ., ಕ್ಯಾಮೆರಾಗಳೂ ಇವೆ. ದಣಿದಿದ್ದರೆ ಚಾಲಕರನ್ನು ಗೊತ್ತು ಮಾಡಿಕೊಳ್ಳಿ, ಇಲ್ಲವೇ ಬಸ್ ಹತ್ತಿ.

ವಾಪಸ್ ಹೋಗುವಾಗ

ವಿದೇಶ ವಿಮಾನಕ್ಕೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು. ಬಸ್ಸಿಗೆ ನಾಲ್ಕು ಗಂಟೆ, ಹೆಬ್ಬಾಳಕ್ಕೆಂದು ಒಂದು ಗಂಟೆ. ಹಾಗಾಗಿ ವಿಮಾನ ಹೊರಡುವ ಎಂಟು ಗಂಟೆ ಮುಂಚೆ ಮೈಸೂರು ಬಿಡಿ. ದೇಶದೊಳಗಿನದಕ್ಕೆ ಏಳು ಗಂಟೆ ಸಾಕು. ದಸರಾ ದಿನಗಳಲ್ಲಿ, ಭಾನುವಾರ ಸಂಜೆ ಇನ್ನೊಂದು ಗಂಟೆ ಸೇರಿಸಿ. ಬೆಳಿಗ್ಗೆ ಹನ್ನೊಂದರ ವಿಮಾನವಿದ್ದರೆ ನಸುಕಿನ ಬಸ್ ನೆಚ್ಚಿಕೊಳ್ಳದೆ ನಡುರಾತ್ರಿಯ ಫ್ಲೈಬಸ್ ಹಿಡಿಯಿರಿ. ಊರು ಏಳುವ ಮೊದಲೇ ಬೆಂಗಳೂರು ದಾಟಿರುತ್ತೀರಿ.