ಅಮ್ಮನಿಗೆ ಪ್ಲೇಸ್ಟೇಷನ್ ಕಥೆ ಹೇಳಿದ್ದು

ಹಾಸನದ ಸಾಲಗಾಮೆ ರಸ್ತೆಯ ಅಂಗಡಿಯೊಂದರಲ್ಲಿ ಹಳೆಯ ಪಿಎಸ್ 4 (ಟಿವಿಗೆ ಜೋಡಿಸಿ ವಿಡಿಯೊ ಗೇಮ್ ಆಡುವ ಪ್ಲೇಸ್ಟೇಷನ್ 4) ಕೊಂಡು ತಂದ ದಿನ ಅಮ್ಮ ಕೇಳಿದ್ದು ಒಂದೇ ಮಾತು: "ಇದರಲ್ಲಿ ಧಾರಾವಾಹಿ ಬರುತ್ತದೆಯೇನೋ?"

ಬರುತ್ತದೆ ಎಂದೆ. ಪೂರ್ತಿ ಸುಳ್ಳೇನಲ್ಲ. ಮನೆಯಲ್ಲಿರುವುದು ಒಂದೇ ಟಿವಿ. ಸಂಜೆಯ ಹೊತ್ತು ಅವಳದು. ಅದನ್ನು ನಾನು ಕಸಿದುಕೊಳ್ಳಬೇಕಾದರೆ ಬದಲಿಗೆ ಏನಾದರೂ ಕೊಡಬೇಕಿತ್ತು. ಅಮ್ಮನಿಗೆ ಇಂಗ್ಲಿಷ್ ಬಾರದು. ಹಾಗಾಗಿ ಆಟ ಆಡುತ್ತಲೇ ಅದರ ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಾ ಹೋಗುವುದೆಂದು ಒಪ್ಪಂದವಾಯಿತು. ನನ್ನ ಕಸುಬು ಟೈಪಿಂಗ್ ಮತ್ತು ಜೆರಾಕ್ಸ್. ದಿನವಿಡೀ ಅರ್ಜಿ, ಅಫಿಡವಿಟ್ ಹೊಡೆಯುವವನಿಗೆ ಇದೇನು ಮಹಾ ಎಂದುಕೊಂಡಿದ್ದೆ.

ಮೊದಲು ಹಾಕಿದ್ದು 'ದಿ ಲಾಸ್ಟ್ ಆಫ್ ಅಸ್'. 2013ರಲ್ಲಿ ಪಿಎಸ್ 3ಕ್ಕೆ ಬಂದ ಆಟ, ಮರುವರ್ಷ ಪಿಎಸ್ 4ಕ್ಕೂ ಬಂತು. ಸೋಂಕು ತಗುಲಿ ಹಾಳಾದ ಅಮೆರಿಕದಲ್ಲಿ ಮಗಳನ್ನು ಕಳೆದುಕೊಂಡ ಜೋಯೆಲ್ ಎಂಬವನು, ಎಲ್ಲಿ ಎಂಬ ಹದಿನಾಲ್ಕು ವರ್ಷದ ಹುಡುಗಿಯನ್ನು ಒಂದೂರಿನಿಂದ ಇನ್ನೊಂದೂರಿಗೆ ಕರೆದೊಯ್ಯುವ ಕಥೆ. (ಆ ಹೆಸರೇ ಒಂದು ಪೀಡೆ. "ಎಲ್ಲಿ ಎಲ್ಲಿದ್ದಾಳೆ" ಎಂದು ಎಷ್ಟು ಸಲ ಹೇಳಲಿ?) ಹತ್ತು ನಿಮಿಷಕ್ಕೇ ತೊಡಕು ಎದುರಾಯಿತು. ಇಂಗ್ಲಿಷಿನ ಒಂದೇ 'ಯೂ'ಗೆ ನಮ್ಮಲ್ಲಿ ನೀನು, ನೀವು ಎರಡಿವೆ. ಆ ಹುಡುಗಿ ಅಪ್ಪನ ವಯಸ್ಸಿನವನನ್ನು "ಜೋಯೆಲ್" ಎಂದು ಕೂಗಿದಾಗ ಅಮ್ಮನ ಮುಖ ಗಂಟಾಯಿತು. "ಹೆಸರು ಹಿಡಿದು ಕರೆಯುತ್ತಾಳಲ್ಲೋ!" ನಾನು ಅವಳ ಬಾಯಲ್ಲಿ "ಅಂಕಲ್, ನೀವು" ಎನ್ನಿಸಿದೆ. ಒಂದು ವಾರ ಹಾಗೇ ನಡೆಯಿತು. ಆಮೇಲೆ ಜಿರಾಫೆಯ ದೃಶ್ಯ ಬಂತು. ಪಾಳುಬಿದ್ದ ನಗರದ ನಡುವೆ ಇಬ್ಬರೂ ಮಾತಿಲ್ಲದೆ ಜಿರಾಫೆಗಳನ್ನು ನೋಡುತ್ತಾ ನಿಲ್ಲುತ್ತಾರೆ. ಅದರ ನಂತರ "ನೀವು" ಎಂಬುದು ನನ್ನ ನಾಲಿಗೆಯ ಮೇಲೆ ನಿಲ್ಲಲಿಲ್ಲ. ಯೋಚಿಸದೆಯೇ "ನೀನು" ಎಂದುಬಿಟ್ಟೆ. ಅಮ್ಮನೂ ಆಕ್ಷೇಪಿಸಲಿಲ್ಲ.

ಅಷ್ಟರಲ್ಲಿ ನನಗೊಂದು ಕ್ರಮ ಸಿಕ್ಕಿತ್ತು. ಶನಿವಾರ ಅಮ್ಮ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಮುಂದಿನ ಭಾಗವನ್ನು ಒಬ್ಬನೇ ಆಡುವುದು. ಪಿಎಸ್ 4ರ ಕಂಟ್ರೋಲರ್‌ನಲ್ಲಿ, ಅಂದರೆ ಕೈಯಲ್ಲಿ ಹಿಡಿದು ಆಟ ನಡೆಸುವ ಸಾಧನದಲ್ಲಿ, ಶೇರ್ ಎಂಬ ಗುಂಡಿ ಇದೆ. ಅದರಿಂದ ಹಿಂದಿನ ಹದಿನೈದು ನಿಮಿಷದ ಆಟವನ್ನು ವಿಡಿಯೊ ಮಾಡಿ ಉಳಿಸಿಕೊಳ್ಳಬಹುದು. ಆ ವಿಡಿಯೊ ಹಾಕಿಕೊಂಡು ಮುಖ್ಯವಾದ ಮಾತುಗಳನ್ನು ಹಳೆಯ ಡೈರಿಯಲ್ಲಿ ಕನ್ನಡಕ್ಕೆ ತಂದಿಡುತ್ತಿದ್ದೆ. ಭಾನುವಾರ ಸಂಜೆ ಪ್ರದರ್ಶನ.

ಕೊನೆಯ ದೃಶ್ಯಕ್ಕೆ ಡೈರಿಯ ನಾಲ್ಕು ಪುಟ ಹಾಳಾದವು. ಜೋಯೆಲ್ ಹುಡುಗಿಗೆ ದೊಡ್ಡದೊಂದು ಸುಳ್ಳು ಹೇಳಿದ್ದಾನೆ. ಅವಳು, ನೀನು ಹೇಳಿದ್ದೆಲ್ಲ ನಿಜವೆಂದು ಆಣೆ ಮಾಡು ಎನ್ನುತ್ತಾಳೆ. ಅವನು ಮಾಡುತ್ತಾನೆ. ಅವಳು "ಓಕೆ" ಎನ್ನುತ್ತಾಳೆ. ಆಟ ಮುಗಿಯಿತು.

ಟೈಪಿಂಗ್ ಚಾಳಿಗೆ ಮೊದಲು ಬರೆದದ್ದು "ಪ್ರಮಾಣ ಮಾಡುತ್ತೇನೆ" ಎಂದು. ಓದಿದರೆ ತಹಶೀಲ್ದಾರರ ಮುಂದೆ ನಿಂತಂತಿತ್ತು. "ಆಣೆ" ಎಂದರೆ ಯಾರ ಆಣೆ ಎಂಬ ಪ್ರಶ್ನೆ ಏಳುತ್ತದೆ. ನಮ್ಮ ಕಡೆ ಮಂಜುನಾಥನ ಆಣೆ ಹಾಕಿ ಸುಳ್ಳಾಡುವ ಧೈರ್ಯ ಯಾರಿಗಿದೆ? ಕೊನೆಗೆ ಬರೀ "ಆಣೆ" ಎಂದಿಟ್ಟೆ. ಆದರೆ ಆ "ಓಕೆ"? "ಸರಿ" ಎಂದರೆ ಹುಡುಗಿ ನಂಬಿದಂತಾಯಿತು. "ಹೂಂ" ಎಂದರೆ ಮುನಿಸಿಕೊಂಡಂತೆ. ಓಕೆಯನ್ನು ಓಕೆ ಎಂದೇ ಬಿಡಬಹುದಿತ್ತು, ಅಮ್ಮನಿಗೂ ಗೊತ್ತಿರುವ ಪದ. ಆದರೆ ಅದು ಅಂಗಡಿಯಲ್ಲಿ ಗಿರಾಕಿಗೆ ಹೇಳುವ ಓಕೆ. ಭಾನುವಾರ ಪರದೆಯ ಮೇಲೆ ಅವಳ ಮುಖ ಬಂದಾಗ ನನ್ನ ಬಾಯಿಂದ ಬಂದದ್ದು "ಆಯಿತು". ಮಾತು ಮುಗಿಸಿದ್ದೇನೆ, ಇನ್ನು ಕೇಳುವುದಿಲ್ಲ ಎಂಬ ಆಯಿತು.

ಅಮ್ಮ ಸ್ವಲ್ಪ ಹೊತ್ತು ಕೂತಿದ್ದಳು. "ಅವಳಿಗೆ ಗೊತ್ತಾಗಿದೆ ಕಣೋ," ಎಂದಳು.

'ಡಿಸ್ಕೋ ಎಲಿಸಿಯಮ್' ನನ್ನ ಕೈಲಾಗಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. 2019ರಲ್ಲಿ ಕಂಪ್ಯೂಟರಿಗೆ ಬಂದು, 2021ರಲ್ಲಿ ಪೂರ್ತಿ ಧ್ವನಿಯೊಂದಿಗೆ ಪ್ಲೇಸ್ಟೇಷನ್‌ಗೆ ಬಂದ ಈ ಆಟದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪದಗಳಿವೆ. ಕುಡಿದು ತನ್ನ ಹೆಸರನ್ನೇ ಮರೆತ ಪೊಲೀಸನ ತಲೆಯೊಳಗೆ 24 ಗುಣಗಳು ಒಂದೊಂದು ದನಿಯಾಗಿ ಜಗಳವಾಡುತ್ತವೆ. ಒಂದೇ ಬಾಯಲ್ಲಿ ಅಷ್ಟು ಜನರನ್ನು ಆಡಿಸಲು ಹರಿಕಥೆ ದಾಸರೇ ಬೇಕು. ಆದರೂ ಶುರುವಿನಲ್ಲಿ ಅವನು ತಿರುಗುವ ಫ್ಯಾನಿಗೆ ಸಿಕ್ಕಿಕೊಂಡ ತನ್ನ ಟೈ ತೆಗೆಯಲು ಹೋಗಿ, ಹೃದಯ ನಿಂತು ಸತ್ತೇಹೋದಾಗ ಅಮ್ಮ ನಕ್ಕಿದ್ದು ಪಕ್ಕದ ಮನೆಗೂ ಕೇಳಿರಬೇಕು. ಅವನ ಜೊತೆಗಾರ ಕಿಮ್‌ಗೆ ನಾನು ಕೊನೆಯವರೆಗೂ "ನೀವು" ಬಿಡಿಸಲಿಲ್ಲ, ಅಷ್ಟು ಮರ್ಯಾದಸ್ಥ. ಮೂರನೆಯ ಭಾನುವಾರ ಅಮ್ಮ ತೂಕಡಿಸಿದಳು. ಮುಂದಿನದನ್ನು ಒಬ್ಬನೇ ಆಡಿ ಮುಗಿಸಿದೆ. ಅಮ್ಮನಿಗೆ ಹೇಳಿದ ಮೂರು ಆಟಗಳಲ್ಲಿ ಬರಹ ಅತಿ ಶ್ರೀಮಂತವಾಗಿರುವುದು ಇದೇ, ಅನುಮಾನವಿಲ್ಲ. ಹೇಳಿ ಕೇಳಿಸುವ ಬರಹವಲ್ಲ, ಅಷ್ಟೇ.

'ವಾಟ್ ರಿಮೇನ್ಸ್ ಆಫ್ ಎಡಿತ್ ಫಿಂಚ್' 2017ರದು. ಎರಡು ಗಂಟೆಯಲ್ಲಿ ಮುಗಿಯುತ್ತದೆ. ಒಂದು ಮನೆತನದವರು ಒಬ್ಬೊಬ್ಬರಾಗಿ ಸತ್ತ ಬಗೆಯನ್ನು ಹೇಳುವ ಆಟ. ಅದರಲ್ಲಿ ಲೂಯಿಸ್ ಎಂಬ ಹುಡುಗ ಮೀನಿನ ಕಾರ್ಖಾನೆಯಲ್ಲಿ ತಲೆ ಕತ್ತರಿಸುವ ಕೆಲಸದವನು. ನನ್ನ ಬಲಗೈ ಹೆಬ್ಬೆರಳು ಕಂಟ್ರೋಲರ್‌ನ ಒಂದು ಸ್ಟಿಕ್‌ನಿಂದ ಮೀನು ಹಿಡಿದು, ಕತ್ತಿಗೆ ಕೊಟ್ಟು, ಆಚೆ ಎಸೆಯಬೇಕು. ಮತ್ತೆ ಮೀನು, ಕತ್ತಿ, ಎಸೆತ. ಅದೇ ಹೊತ್ತಿಗೆ ಎಡಗೈ ಇನ್ನೊಂದು ಸ್ಟಿಕ್‌ನಿಂದ ಅವನ ಹಗಲುಗನಸಿನ ರಾಜಕುಮಾರನನ್ನು ನಡೆಸುತ್ತದೆ. ಮೊದಲು ಪರದೆಯ ಮೂಲೆಯಲ್ಲಿದ್ದ ಕನಸು ಹಿಗ್ಗುತ್ತಾ ಹಿಗ್ಗುತ್ತಾ ಕಾರ್ಖಾನೆಯನ್ನೇ ಮುಚ್ಚಿಬಿಡುತ್ತದೆ. ಬಲಗೈ ಮಾತ್ರ ಮೀನು ಕತ್ತರಿಸುತ್ತಲೇ ಇರುತ್ತದೆ.

ಹಿನ್ನೆಲೆಯಲ್ಲಿ ಅವನ ವೈದ್ಯೆ ತಾನು ಬರೆದ ಕಾಗದ ಓದುತ್ತಾಳೆ. ಅದನ್ನು ಡೈರಿಯಲ್ಲಿ ಮುತುವರ್ಜಿಯಿಂದ ಕನ್ನಡಕ್ಕೆ ತಂದಿದ್ದೆ, ಯಾರಿಗೆ ಬರೆದದ್ದೆಂಬುದನ್ನು ಮಾತ್ರ ಬಿಟ್ಟು. ಎರಡು ವಾಕ್ಯ ಓದಿದ್ದೆನೋ ಇಲ್ಲವೋ, ಅಮ್ಮ ಕೈ ಎತ್ತಿ ಸುಮ್ಮನಿರಿಸಿದಳು. ಅವಳ ಕಣ್ಣು ಬಲಗಡೆಯ ಕೈಯ ಮೇಲಿತ್ತು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜ ಆರಿಸುವ ಕೆಲಸ ಅವಳದು. ನಾನು ಹೈಸ್ಕೂಲು ಮುಗಿಸುವವರೆಗೂ ಕಪ್ಪು ಬೀಜ, ಒಡೆದ ಬೀಜ ಬೇರೆ ಮಾಡುತ್ತಾ ಮೇಜಿನ ಮುಂದೆ ಕೂತವಳು. ಇದು ನನಗೆ ಹೊಳೆದದ್ದೇ ಆಗ. ಆಟ ಆರಿಸುವಾಗ ಹೊಳೆದಿರಲಿಲ್ಲ.

ಡೈರಿ ಮಡಚಿಟ್ಟೆ. ದೃಶ್ಯದ ಕೊನೆಯಲ್ಲಿ ರಾಜಕುಮಾರ ಕಿರೀಟಕ್ಕಾಗಿ ತಲೆ ಬಾಗುತ್ತಾನೆ. ಅದು ಎಂಥ ತಲೆಬಾಗುವಿಕೆ ಎಂದು ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಕಾಗದ ಯಾರಿಗೆ?" ಎಂದಳು.

"ಅವನ ತಾಯಿಗೆ."

ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದಳು. "ಪಕ್ಕದವರು ಯಾರೂ ಮಾತಾಡಿಸಲಿಲ್ಲವೇ ಅವನನ್ನು? ನಮ್ಮ ಮೇಜಿನಲ್ಲಿ ಯಾರಾದರೂ ಹಾಗೆ ಕಳೆದುಹೋದರೆ ಎದುರಿನವಳು ಒಂದು ಬೀಜ ತೆಗೆದು ಮುಖಕ್ಕೆ ಎಸೆಯುತ್ತಿದ್ದಳು."

"ನೀನೂ ಹೋಗುತ್ತಿದ್ದೆಯಾ?"

"ಹೋಗದೆ?"

"ಎಲ್ಲಿಗೆ?"

"ಬಹಳ ದೂರವೇನಿಲ್ಲ. ಗೊರೂರು ಡ್ಯಾಮಿನವರೆಗೆ. ಅಷ್ಟರಲ್ಲಿ ಬೀಜ ಬಂದು ಬೀಳುತ್ತಿತ್ತು."