ಚೆರಿ ಕೌಂಟಿಗೆ ಬರುವ ನಮ್ಮವರಿಗೆ: ದೂರ ಮತ್ತು ಮುಯ್ಯಿ

ಅಮೆರಿಕದ ನೆಬ್ರಾಸ್ಕಾ ರಾಜ್ಯದ ವ್ಯಾಲೆಂಟೈನ್‌ನಲ್ಲಿ ಕೆಲಸ ಸಿಕ್ಕಿದೆ, ಊರು ಹೇಗೆ ಅಂತ ಕೇಳುವವರಿಗೆ ನಾನು ಮೊದಲು ಬೆಳಗಾವಿಯ ಲೆಕ್ಕ ಹೇಳುತ್ತೇನೆ. ಕರ್ನಾಟಕದ ಅತಿ ದೊಡ್ಡ ಜಿಲ್ಲೆಯಾದ ಬೆಳಗಾವಿ 13,415 ಚದರ ಕಿಲೋಮೀಟರ್. 2011ರಲ್ಲೇ ಅಲ್ಲಿ 47 ಲಕ್ಷಕ್ಕೂ ಹೆಚ್ಚು ಜನ ಇದ್ದರು. ವ್ಯಾಲೆಂಟೈನ್ ಇರುವ ನಮ್ಮ ಚೆರಿ ಕೌಂಟಿ (ಕೌಂಟಿ ಅಂದರೆ ಇಲ್ಲಿನ ಜಿಲ್ಲೆ) ಅದಕ್ಕಿಂತ ದೊಡ್ಡದು, ಸುಮಾರು 15,500 ಚದರ ಕಿಲೋಮೀಟರ್. 2020ರ ಗಣತಿಯಲ್ಲಿ ಇಲ್ಲಿದ್ದವರು 5,455 ಜನ. ಅವರಲ್ಲಿ 2,633 ಮಂದಿ ವ್ಯಾಲೆಂಟೈನ್ ಊರಲ್ಲೇ. ಉಳಿದವರೆಲ್ಲ ಹುಲ್ಲುಗುಡ್ಡಗಳ ನಡುವೆ ಎಲ್ಲೋ ಒಂದೊಂದು ಮನೆ.

ಈ ಲೆಕ್ಕ ನನಗೂ ಗೊತ್ತಿತ್ತು, ಆದರೆ ಬರೀ ತಲೆಗೆ. ಮೊದಲ ಚಳಿಗಾಲದಲ್ಲಿ ನಾರ್ತ್ ಪ್ಲ್ಯಾಟ್‌ಗೆ ಸಾಮಾನು ತರಲು ಹೋಗಿದ್ದೆ. 83ನೇ ಹೆದ್ದಾರಿಯಲ್ಲಿ 130 ಮೈಲಿ. ವಾಪಸ್ ಬರುವಾಗ ಥೆಡ್‌ಫರ್ಡ್ ದಾಟಿದೆ. ಪೆಟ್ರೋಲ್ ಕಡಿಮೆ ಇತ್ತು, ಮುಂದೆ ಯಾವುದಾದರೂ ಬಂಕ್ ಸಿಗುತ್ತೆ ಅಂದುಕೊಂಡೆ. ಅರಸೀಕೆರೆ ತಿಪಟೂರು ರಸ್ತೆಯಲ್ಲಿ ಬೆಳೆದವಳ ಅಭ್ಯಾಸ ಅದು, ಬಂಕ್ ಇಲ್ಲದಿದ್ದರೂ ಒಂದು ಟೀ ಅಂಗಡಿಯಾದರೂ ಇರಲೇಬೇಕು. ಅಲ್ಲಿಂದ ವ್ಯಾಲೆಂಟೈನ್‌ಗೆ ಸುಮಾರು 65 ಮೈಲಿ, ನಡುವೆ ಏನೂ ಇಲ್ಲ. ಗಾಡಿ ನಿಂತಿತು, ಫೋನಿಗೆ ಸಿಗ್ನಲ್ ಇಲ್ಲ, ಹಿಂದಿನ ಸೀಟಿನಲ್ಲಿ ಮಗು. ಮುಕ್ಕಾಲು ಗಂಟೆಯಾದ ಮೇಲೆ ದನ ಸಾಕುವ ಒಬ್ಬ ರ‍್ಯಾಂಚಿನ ಯಜಮಾನರು ಪಿಕಪ್ ನಿಲ್ಲಿಸಿ ತಮ್ಮ ಕ್ಯಾನಿನಿಂದ ಪೆಟ್ರೋಲ್ ಹಾಕಿಕೊಟ್ಟರು. ನಾನು ಬಲವಂತವಾಗಿ ಇಪ್ಪತ್ತು ಡಾಲರ್ ಕೈಗೆ ತುರುಕಲು ಹೋದೆ. ಅವರ ಮುಖ ಬಾಡಿದ್ದು ಇವತ್ತಿಗೂ ಕಣ್ಣ ಮುಂದಿದೆ.

ಸುಮ್ಮನಿರಲಾರದೆ ಮಾತು ಬೆಳೆಸಲು ಕೇಳಿದೆ: ನಿಮಗೆ ಎಷ್ಟು ದನ, ಎಷ್ಟು ಎಕರೆ? ನಮ್ಮ ಕಡೆ ಅದು ಕ್ಷೇಮ ಸಮಾಚಾರದ ಪ್ರಶ್ನೆ. ಇಲ್ಲಿ ಅದು ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಅಂತ ಕೇಳಿದ ಹಾಗೆ. ದಯವಿಟ್ಟು ಯಾರನ್ನೂ ಕೇಳಬೇಡಿ. ಮಳೆ ಹೇಗಾಯಿತು, ಹುಲ್ಲು ಹೇಗಿದೆ ಅಂತ ಕೇಳಿ, ಅರ್ಧ ಗಂಟೆ ಮಾತಾಡುತ್ತಾರೆ.

ಅದೇ ಯಜಮಾನರು ವಸಂತದಲ್ಲಿ ಕರುಗಳಿಗೆ ಬರೆ ಹಾಕುವ ದಿನಕ್ಕೆ ನಮ್ಮನ್ನು ಕರೆದರು. ಬ್ರ್ಯಾಂಡಿಂಗ್ ಅನ್ನುತ್ತಾರೆ. ಊಟಕ್ಕೆ ಗೋಮಾಂಸ ಇರುತ್ತದೆ, ಬೇಡ ಅನ್ನುವುದು ಹೇಗೆ ಅಂತ ಮುಜುಗರಪಟ್ಟು ಏನೋ ನೆಪ ಹೇಳಿ ನಾನು ಹೋಗಲೇ ಇಲ್ಲ. ಇಲ್ಲಿಗೆ ಬಂದ ಮೇಲೆ ಮಾಡಿದ ದೊಡ್ಡ ತಪ್ಪು ಅದು. ಬ್ರ್ಯಾಂಡಿಂಗ್ ಅಂದರೆ ನಮ್ಮ ಮುಯ್ಯಾಳು. ಇವತ್ತು ಇವರ ಮನೆಗೆ ಸುತ್ತಲಿನವರೆಲ್ಲ, ನಾಳೆ ಅವರ ಮನೆಗೆ ಇವರು. ಕೂಲಿ ಇಲ್ಲ, ಊಟ ಉಂಟು. ಪೆಟ್ರೋಲಿನ ಋಣ ತೀರಿಸುವ ದಾರಿ ಅವರೇ ತೋರಿಸಿದ್ದರು, ನಾನು ಬಾಗಿಲು ಹಾಕಿಕೊಂಡೆ. ಎರಡು ವರ್ಷ ಬಿಟ್ಟು ಹೋದೆ, ಒಂದು ದೊಡ್ಡ ಪಾತ್ರೆ ಚಿತ್ರಾನ್ನ ಮಾಡಿಕೊಂಡು. ಮಾಂಸ ತಿನ್ನುವುದಿಲ್ಲ ಅಂದರೆ ಯಾರೂ ಏನೂ ಅಂದುಕೊಳ್ಳಲಿಲ್ಲ. ಬರದೇ ಇದ್ದದ್ದನ್ನು ಮಾತ್ರ ನೆನಪಿಟ್ಟಿದ್ದರು. ನಮ್ಮೂರಲ್ಲಿ ಅಜ್ಜನ ಕಾಲಕ್ಕೇ ಮುಯ್ಯಾಳು ನಿಂತುಹೋಯಿತು, ಈಗ ಕೊಯ್ಲಿಗೆ ದುಡ್ಡು ಕೊಟ್ಟರೂ ಆಳು ಸಿಗುವುದಿಲ್ಲ. ಕಳೆದುಹೋದ ಆ ಪದ್ಧತಿಯನ್ನು ನಾನು ಈ ಮರಳುಗುಡ್ಡಗಳಲ್ಲಿ ಮತ್ತೆ ಕಂಡೆ.

ಹೌದು, ಮರಳೇ. ಸ್ಯಾಂಡ್‌ಹಿಲ್ಸ್ ಅನ್ನುವ ಈ ಗುಡ್ಡಗಳು ಹುಲ್ಲು ಹೊದ್ದ ಮರಳ ದಿಬ್ಬಗಳು, ಕೆಳಗೆ ಒಗಲಾಲ ಅನ್ನುವ ಅಂತರ್ಜಲ ಪದರ, ತಗ್ಗುಗಳಲ್ಲಿ ಕೆರೆಗಳು. 1904ರ ಕಿಂಕೇಡ್ ಕಾಯ್ದೆಯಲ್ಲಿ ಒಂದೊಂದು ಕುಟುಂಬಕ್ಕೆ 640 ಎಕರೆ ಸಿಕ್ಕಿತು. ಜನ ಬಂದು ಉತ್ತರು, ಹುಲ್ಲು ಹೋದಲ್ಲಿ ಮರಳು ಹಾರಿತು, ಬೆಳೆ ಕೈಕೊಟ್ಟಿತು. ಕೌಂಟಿಯಲ್ಲಿ 1920ರಲ್ಲಿ 11,753 ಇದ್ದ ಜನ ಈಗ ಅರ್ಧಕ್ಕೂ ಕಡಿಮೆ. ಇದೇ ಕೌಂಟಿಯ ಬ್ರೌನ್ಲೀ ಊರಿನ ಹತ್ತಿರ ಡಿವಿಟಿ ಅಂತ ಕಪ್ಪು ಜನರ ಒಕ್ಕಲು ನೆಲೆಯೊಂದಿತ್ತು. ಶಾಲೆ, ಚರ್ಚು ಎಲ್ಲ ಕಟ್ಟಿಕೊಂಡಿದ್ದರು. 1930ರ ದಶಕದ ಹೊತ್ತಿಗೆ ಅದೂ ಖಾಲಿಯಾಯಿತು. ಈಗ ಹೆದ್ದಾರಿ ಬದಿಯಲ್ಲಿ ಒಂದು ಸ್ಮಾರಕ ಫಲಕ ಇದೆ. ಮಗಳು ಅದನ್ನು ಓದಿ, ಅವರ ಮನೆಗಳೆಲ್ಲ ಎಲ್ಲಿ ಅಮ್ಮ ಅಂತ ಕೇಳಿದಳು. ನನಗೆ ನೆನಪಾದದ್ದು ಊರಲ್ಲಿ ಬೀಗ ಹಾಕಿರುವ ನಮ್ಮ ಮನೆ.

ಅವಳು ಕೇಳಿದ್ದು ಇಂಗ್ಲಿಷಿನಲ್ಲಿ. ಅದು ನನ್ನ ಇನ್ನೊಂದು ತಪ್ಪು. ದೊಡ್ಡ ಊರಿಗೆ ಹೋದಮೇಲೆ ಕನ್ನಡ ತರಗತಿಗೆ ಸೇರಿಸೋಣ ಅಂತ ಕಾದೆ. ದೊಡ್ಡ ಊರು ಅಂದರೆ ಓಮಾಹಾ, ಅದು ಸುಮಾರು 300 ಮೈಲಿ, ನಾವು ಇಲ್ಲೇ ಉಳಿದೆವು, ವರ್ಷಗಳು ಹೋದವು. ನೀವು ಕಾಯಬೇಡಿ. ದೇವಸ್ಥಾನಕ್ಕೋ ಅಂಗಡಿಗೋ ಅಷ್ಟು ದೂರ ಹೋಗುವಾಗ ಕಾರಿನಲ್ಲಿ ಗಂಟೆಗಟ್ಟಲೆ ಸಮಯ ಇರುತ್ತದೆ. ಕಥೆ, ಒಗಟು, ಮಗ್ಗಿ, ಏನಾದರೂ ಸರಿ, ಕನ್ನಡದಲ್ಲೇ ಹೇಳಿ. ನಾವು ತಡವಾಗಿ ಶುರು ಮಾಡಿದೆವು, ಈಗ ಅವಳಿಗೆ ಅರ್ಥವಾಗುತ್ತದೆ, ಉತ್ತರ ಇನ್ನೂ ಬರುವುದಿಲ್ಲ.

ಡ್ರೈವಿಂಗ್ ಲೈಸೆನ್ಸ್, ಗಾಡಿ ನೋಂದಣಿ ಬಂದ ತಿಂಗಳೊಳಗೆ ಮುಗಿಸಿಬಿಡಿ. ಕೌಂಟಿಯ ಪಶ್ಚಿಮ ಭಾಗದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ, ಮೆರಿಮನ್ ಕಡೆ ಯಾರಾದರೂ ಕರೆದರೆ ಯಾವ ಸಮಯ ಅಂತ ಕೇಳಿಕೊಳ್ಳಿ. ಹುಲ್ಲುಗಾವಲಿನ ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ ಬನ್ನಿ. ಎದುರು ಬರುವ ಗಾಡಿಯವರು ಸ್ಟೇರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ, ಅದು ನಮಸ್ಕಾರ, ನೀವೂ ಎತ್ತಿ. ಚಳಿಗಾಲದಲ್ಲಿ ಗಾಡಿಯಲ್ಲಿ ಕಂಬಳಿ, ನೀರು, ತಿಂಡಿ ಇರಲಿ.

ಥೆಡ್‌ಫರ್ಡ್‌ನಲ್ಲಿ ಟ್ಯಾಂಕ್ ತುಂಬಿಸಿಕೊಂಡು, ಹೊರಡುವ ಹೊತ್ತಿಗೆ ನಮಗೊಂದು ಫೋನ್ ಮಾಡಿ. ಒಂದೂವರೆ ಗಂಟೆಯಲ್ಲಿ ನೀವು ಬರದಿದ್ದರೆ ನಾವೇ ಆ ಕಡೆಗೆ ಹೊರಡುತ್ತೇವೆ.