ಬಣ್ಣ ಬಿಡಿ, ಬಾಯಿ ನೋಡಿ: ಬಂಡೆದಂಡೆಯ ಜೀವಿಗಳನ್ನು ಗುರುತಿಸುವುದು ಹೇಗೆ?

ಬೇಸಿಗೆಗೆ ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋದವರು ಒಂದು ದಿನವಾದರೂ ಮೊಮ್ಮಕ್ಕಳ ಜೊತೆ ಕಡಲಿಗೆ ಹೋಗಿಯೇ ಹೋಗುತ್ತಾರೆ. ಮಗು ಬಂಡೆಯ ಸಂದಿಯಿಂದ ಏನೋ ಒಂದನ್ನು ಎತ್ತಿ ‘ಅಜ್ಜ, ಇದೇನು?’ ಎಂದರೆ ಉತ್ತರ ಎರಡೇ. ಚಪ್ಪಟೆ ಇದ್ದರೆ ಕಪ್ಪೆಚಿಪ್ಪು, ಸುರುಳಿ ಇದ್ದರೆ ಶಂಖ. ಆಮೇಲೆ ಮೊಬೈಲ್ ಹೊರಬರುತ್ತದೆ, ಮೇಲಿನಿಂದ ಒಂದು ಫೋಟೊ ತೆಗೆಯುತ್ತಾರೆ, ಆ್ಯಪ್ ಒಂದು ಹೆಸರು ಹೇಳುತ್ತದೆ, ಅದನ್ನೇ ನಂಬುತ್ತಾರೆ. ತಪ್ಪುವುದು ಇಲ್ಲೇ. ಕಡಲ ಬಸವನಹುಳುವಿನ ಗುರುತು ಬೆನ್ನ ಮೇಲೆ ಇರುವುದಿಲ್ಲ, ಚಿಪ್ಪಿನ ಬಾಯಲ್ಲಿ, ಅಂದರೆ ಹುಳು ಹೊರಬರುವ ತೆರಪಿನಲ್ಲಿ ಇರುತ್ತದೆ.

ಇಲ್ಲಿ ಹೇಳಿರುವುದು ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್, ಕಾರ್ನ್‌ವಾಲ್ ದಂಡೆಗಳ ವಿಚಾರ. ಹೊಸಬರಿಗೆ ಪ್ಲಿಮತ್ ಪಕ್ಕದ ವೆಂಬರಿ ಒಳ್ಳೆಯ ಜಾಗ. ನಮ್ಮ ಮಲ್ಪೆ, ಕಾಪು, ಕಾರವಾರದ ಬಂಡೆಗಳ ಮೇಲೂ ನೋಡುವ ಕ್ರಮ ಇದೇ. ಆದರೆ ಅಲ್ಲಿಯ ಜಾತಿಗಳೇ ಬೇರೆ, ಈ ಹೆಸರುಗಳನ್ನು ಅಲ್ಲಿಗೆ ಹೊತ್ತೊಯ್ಯಬೇಡಿ.

1. ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ

ಮಂಗಳೂರಿನ ಕಡೆ ಉಬ್ಬರಕ್ಕೂ ಇಳಿತಕ್ಕೂ ಇರುವ ಅಂತರ ಹೆಚ್ಚೆಂದರೆ ಎರಡು ಮೀಟರಿನ ಆಸುಪಾಸು. ಪ್ಲಿಮತ್‌ನಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದಿನಗಳಲ್ಲಿ ಅದು 5 ಮೀಟರಿಗೆ ಹತ್ತಿರ. ಹಾಗಾಗಿ ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ, ಇಳಿತದ ಎತ್ತರ 1 ಮೀಟರಿಗಿಂತ ಕಡಿಮೆ ಎಂದು ಉಬ್ಬರವಿಳಿತದ ಪಟ್ಟಿಯಲ್ಲಿ ಕಂಡ ದಿನ ಹೋಗಿ. ಮಾರ್ಚ್, ಸೆಪ್ಟೆಂಬರ್ ತಿಂಗಳ ಇಳಿತಗಳು ಎಲ್ಲಕ್ಕಿಂತ ಆಳ. ಪ್ಲಿಮತ್ ಸೀಮೆಯಲ್ಲಿ ಇಂಥ ದೊಡ್ಡ ಇಳಿತ ಬೀಳುವುದು ಮಧ್ಯಾಹ್ನದ ಸುಮಾರಿಗೇ. ಬುತ್ತಿ ಕಟ್ಟಿಕೊಂಡು ಹೋಗಲು ಅನುಕೂಲ.

ಅಚ್ಚಾದ ಉಬ್ಬರವಿಳಿತದ ಪಟ್ಟಿಗಳು ಕೆಲವು ವರ್ಷವಿಡೀ ಗ್ರೀನಿಚ್ ಸಮಯದಲ್ಲೇ ಇರುತ್ತವೆ. ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದೆ. ಪಟ್ಟಿಯ ಹೊತ್ತಿಗೆ ಒಂದು ಗಂಟೆ ಸೇರಿಸದಿದ್ದರೆ ಲೆಕ್ಕವೆಲ್ಲ ಹಿಂದುಮುಂದು.

ಇಳಿತಕ್ಕೆ ಎರಡು ಗಂಟೆ ಮೊದಲೇ ಹೋಗಿ, ನೀರು ಹಿಂದೆ ಸರಿದ ಹಾಗೆ ನೀವೂ ಕೆಳಗಿಳಿಯಿರಿ. ಇಳಿತ ಮುಟ್ಟಿದ ಕೂಡಲೇ ಮೇಲಕ್ಕೆ ತಿರುಗಿಬಿಡಿ. ಮೊದಲ ಗಂಟೆಯಲ್ಲಿ ನೀರು ಏರುವುದು ಒಟ್ಟು ಎತ್ತರದ ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ‘ಇನ್ನೂ ಹೊತ್ತಿದೆ’ ಎನಿಸುವುದು ಅದಕ್ಕೇ. ಮೂರನೇ, ನಾಲ್ಕನೇ ಗಂಟೆಗಳು ಸೇರಿ ಅರ್ಧ ಕಡಲನ್ನೇ ತಂದುಬಿಡುತ್ತವೆ, ಹಿಂದಿನ ತಗ್ಗು ತುಂಬಿಕೊಂಡು ದಾರಿ ಮುಚ್ಚಿಹೋಗುತ್ತದೆ. ಸಿಕ್ಕಿಬಿದ್ದರೆ 999ಕ್ಕೆ ಕರೆ ಮಾಡಿ ‘ಕೋಸ್ಟ್‌ಗಾರ್ಡ್’ ಎಂದು ಕೇಳಿ.

2. ಸಾಮಾನು

ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ, ಒಂದು ಬಿಳಿ ಪ್ಲಾಸ್ಟಿಕ್ ತಟ್ಟೆ, ಪೆನ್ಸಿಲ್, ಅಳತೆಗೆ ಒಂದು ಪೆನ್ನಿ ನಾಣ್ಯ (ಅದರ ಅಡ್ಡಳತೆ 20.3 ಮಿ.ಮೀ.), ಹಿಡಿತವಿರುವ ಬೂಟು. ಬರಿಗಾಲಿನಲ್ಲಿ ಹೋದರೆ ಬಂಡೆಗೆ ಅಂಟಿ ಬೆಳೆಯುವ ಗಟ್ಟಿಗೋಡೆಯ ಪುಟ್ಟ ಜೀವಿ ಬಾರ್ನಕಲ್ ಅಂಗಾಲನ್ನು ತುರಿಮಣೆಯ ಹಾಗೆ ಹೆರೆಯುತ್ತದೆ. ದಂಡೆಯ ಅಂಗಡಿಗಳಲ್ಲಿ ತೂಗುಹಾಕಿರುವ ಬಿದಿರುಕೋಲಿನ ಬಣ್ಣದ ಬಲೆ ಬೇಡವೇ ಬೇಡ. ಅದರ ಎಳೆಗೆ ಸಿಕ್ಕಿದ ಏಡಿಯನ್ನು ಬಿಡಿಸುವಷ್ಟರಲ್ಲಿ ಕಾಲು ಮುರಿದಿರುತ್ತದೆ.

3. ನೀವು ನಿಂತ ಪಟ್ಟಿ ಯಾವುದು?

ಬಂಡೆದಂಡೆ ಮೇಲಿನಿಂದ ಕೆಳಕ್ಕೆ ಪಟ್ಟಿಪಟ್ಟಿಯಾಗಿರುತ್ತದೆ. ತುದಿಯಲ್ಲಿ ಹಳದಿ, ಕಿತ್ತಳೆ ಬಣ್ಣದ ಕಲ್ಲುಹೂ. ಅದರ ಕೆಳಗೆ ಡಾಂಬರು ಚೆಲ್ಲಿದಂಥ ಕಪ್ಪು. ಅದೂ ಕಲ್ಲುಹೂವೇ, ಹಡಗಿನ ಎಣ್ಣೆಯಲ್ಲ. ಆಮೇಲೆ ಬಾರ್ನಕಲ್‌ಗಳ ಬೂದುಬಿಳಿ, ಗುಳ್ಳೆಗುಳ್ಳೆಯ ಕಂದು ಪಾಚಿ, ಗರಗಸದಂಚಿನ ಪಾಚಿ, ಎಲ್ಲಕ್ಕಿಂತ ಕೆಳಗೆ ಚಕ್ಕಳದ ಪಟ್ಟಿಯಂಥ ದೊಡ್ಡ ಪಾಚಿ ಕೆಲ್ಪ್. ಜೀವಿಯ ಹೆಸರು ಗೊತ್ತಾಗುವ ಮೊದಲು ಅದು ಸಿಕ್ಕ ಪಟ್ಟಿಯನ್ನು ಬರೆದುಕೊಳ್ಳಿ. ಮುಂದೆ ಇಬ್ಬರು ಅನುಮಾನಿತರು ಉಳಿದಾಗ ತೀರ್ಪು ಕೊಡುವುದು ಈ ಸಾಲೇ.

4. ಸುರುಳಿ ಚಿಪ್ಪುಗಳು: ಎಲ್ಲರೂ ಎಡವುವ ಜಾಗ

ಮೊದಲು ಒಳಗೆ ಯಾರಿದ್ದಾರೆ ನೋಡಿ. ಚಿಪ್ಪು ಸರಸರ ಓಡಿದರೆ ಅದು ಬಸವನಹುಳುವಲ್ಲ, ಖಾಲಿ ಮನೆ ಹೊಕ್ಕ ಸನ್ಯಾಸಿ ಏಡಿ. ಚಿಪ್ಪಿನ ಹೆಸರು ಒಂದು, ಒಳಗಿನ ಜೀವಿಯದು ಇನ್ನೊಂದು. ಸತ್ತ ಚಿಪ್ಪನ್ನು ಅಲೆ ಎಲ್ಲಿಗೆ ಬೇಕಾದರೂ ಎಸೆದಿರುತ್ತದೆಯಾದ್ದರಿಂದ ಅದು ಸಿಕ್ಕ ಪಟ್ಟಿಗೆ ಬೆಲೆಯಿಲ್ಲ.

ಜೀವಂತವಿದ್ದರೆ ನೀರಿನಲ್ಲಿ ಅದ್ದಿ ಒದ್ದೆ ಮಾಡಿ, ಏಕೆಂದರೆ ಒಣಗಿದ ಚಿಪ್ಪೆಲ್ಲ ಬೂದಿಯ ಬಣ್ಣವೇ. ತಿರುವಿ, ಬಾಯಿ ನಿಮ್ಮ ಕಡೆಗೆ, ಚೂಪು ತುದಿ ಮೇಲಕ್ಕೆ ಬರುವಂತೆ ಹಿಡಿಯಿರಿ.

ಬಾಯಿಯ ಕೆಳತುದಿಯಲ್ಲಿ ಕಾಲುವೆಯಂಥ ಒಂದು ಕೊರಕಲು ಇದೆಯೆ? ಇದ್ದರೆ ಮಾಂಸಾಹಾರಿ. ಆ ಕಾಲುವೆಯಲ್ಲಿ ಕೊಳವೆ ಚಾಚಿ ಬೇಟೆಯ ವಾಸನೆ ಹಿಡಿಯುತ್ತದೆ. ಬಾರ್ನಕಲ್‌ಗಳ ನಡುವೆ ಸಿಗುವ, ಎರಡು ಮೂರು ಸೆಂ.ಮೀ. ಉದ್ದದ ದಪ್ಪಚಿಪ್ಪಿನದು ಸಾಮಾನ್ಯವಾಗಿ ಡಾಗ್ ವೆಲ್ಕ್. ಬಿಳಿ, ಹಳದಿ, ಕಂದು, ಪಟ್ಟೆ, ಬಣ್ಣ ಯಾವುದೂ ಇರಬಹುದು, ಜಾತಿ ಒಂದೇ. ಸಂದಿಯಲ್ಲಿ ಗೋಧಿಕಾಳು ನೆಟ್ಟ ಹಾಗೆ ಹಳದಿ ಗುಂಪು ಕಂಡರೆ ಅದರ ಮೊಟ್ಟೆಚೀಲಗಳು, ಕೀಳಬೇಡಿ. ದೋಣಿಯ ತಳಕ್ಕೆ ಬಳಿಯುತ್ತಿದ್ದ, ಟಿಬಿಟಿ ಎಂಬ ತವರದ ವಿಷ ಬೆರೆತ ಬಣ್ಣ ಈ ಹುಳುವಿನ ಹೆಣ್ಣುಗಳಲ್ಲಿ ಗಂಡಿನ ಅಂಗ ಬೆಳೆಸಿ ಸಂತಾನವನ್ನೇ ನಿಲ್ಲಿಸಿತ್ತು. 1987ರಲ್ಲಿ ಬ್ರಿಟನ್ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿದ ಮೇಲೆ ಹುಳುಗಳು ಮೆಲ್ಲಗೆ ಮರಳಿ ಬಂದವು.

ಕೊರಕಲು ಇಲ್ಲವೆ? ಬಾಯಿಯ ಒಳಗೋಡೆಯನ್ನು ಬೆಳಕಿಗೆ ಓರೆಮಾಡಿ. ಮುತ್ತಿನ ಹೊಳಪು ಮಿಂಚಿದರೆ ಟಾಪ್ ಶೆಲ್, ಅಂದರೆ ಬುಗುರಿ ಚಿಪ್ಪು. ಹೊಳಪಿಲ್ಲದಿದ್ದರೆ ಪೆರಿವಿಂಕಲ್. ಇವೆರಡನ್ನು ಕಲೆಸಿಕೊಳ್ಳುವವರೇ ಹೆಚ್ಚು. ಇನ್ನೊಂದು ಸಾಕ್ಷಿ ಬಾಗಿಲು: ಹುಳು ಒಳಗೆ ಸರಿದಾಗ ಎಳೆದುಕೊಳ್ಳುವ ಮುಚ್ಚಳ ಬುಗುರಿಯದಾದರೆ ದುಂಡಗೆ, ಪೆರಿವಿಂಕಲ್‌ನದಾದರೆ ಹನಿಯಾಕಾರ.

ಬುಗುರಿಗಳಲ್ಲಿ ಹೊಸಬರಿಗೆ ಮೂರು ಸಾಕು. ಚಿಪ್ಪಿನ ತಳದಲ್ಲಿ, ಬಾಯಿಯ ಪಕ್ಕ, ಒಂದು ತೂತು ಇರುತ್ತದೆ, ಹೊಕ್ಕುಳು ಎನ್ನೋಣ. ಚಪ್ಪಟೆ ಬುಗುರಿಯ ಹೊಕ್ಕುಳು ದುಂಡಗೆ, ದೊಡ್ಡದಾಗಿ ತೆರೆದಿರುತ್ತದೆ. ಮೈಮೇಲೆ ಅಗಲವಾದ ಕೆನ್ನೇರಳೆ ಪಟ್ಟೆ. ಬೂದು ಬುಗುರಿಯ ಹೊಕ್ಕುಳು ಚಿಕ್ಕದು, ಪಟ್ಟೆಗಳು ಕೂದಲೆಳೆಯ ಹಾಗೆ ಸಣ್ಣ, ವಾಸ ದಂಡೆಯ ಕೆಳಪಟ್ಟಿಯಲ್ಲಿ. ಮೂರನೆಯದು ಹಲ್ಲಿನ ಬುಗುರಿ. ಇದು ದಪ್ಪ, ಭಾರ. ಬೆಳೆದದ್ದರ ಹೊಕ್ಕುಳು ಬಹುಮಟ್ಟಿಗೆ ಮುಚ್ಚಿರುತ್ತದೆ, ಬಾಯಿಯ ಒಳ ಅಂಚಿನಲ್ಲಿ ಮೊಂಡಾದ ಒಂದೇ ಒಂದು ಹಲ್ಲು. ಬೆರಳ ಉಗುರಿನಿಂದ ಸವರಿದರೆ ತಡೆಯುತ್ತದೆ. ಬೆಚ್ಚಗಿನ ದಂಡೆಯ ಈ ಜೀವಿ 1962–63ರ ಘೋರ ಚಳಿಗೆ ಅಪಾರವಾಗಿ ಸತ್ತಿತ್ತು. ಈಚಿನ ದಶಕಗಳಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ಉದ್ದಕ್ಕೂ ಪೂರ್ವಕ್ಕೆ ಹರಡುತ್ತಿದೆ. ಆದ್ದರಿಂದ ಹಲ್ಲು ಕಂಡರೆ ಜಾಗ, ತಾರೀಖು ತಪ್ಪದೆ ಬರೆಯಿರಿ. ಹಳೆಯ ಪುಸ್ತಕಗಳಲ್ಲಿ ಇದು ಮೊನೊಡೊಂಟಾ, ಆಮೇಲೆ ಓಸಿಲಿನಸ್, ಈಗ ಫೋರ್ಕಸ್ ಲೀನಿಯೇಟಸ್. ಮೂರೂ ಒಂದೇ ಪ್ರಾಣಿ, ತಲೆ ಕೆಡಿಸಿಕೊಳ್ಳಬೇಡಿ.

ಪೆರಿವಿಂಕಲ್‌ಗಳಲ್ಲಿ ಹಳದಿ, ಕಿತ್ತಳೆ, ಆಲಿವ್ ಬಣ್ಣದ, ತುದಿಯೇ ಇಲ್ಲದಂತೆ ಬೋಳಾಗಿರುವುದು ಚಪ್ಪಟೆ ಪೆರಿವಿಂಕಲ್. ಗುಳ್ಳೆಪಾಚಿಯ ಮೇಲೆ ಕೂತರೆ ಗುಳ್ಳೆ ಯಾವುದು, ಹುಳು ಯಾವುದು ತಿಳಿಯದು. ಇದರಲ್ಲೂ ಎರಡು ಜಾತಿಗಳಿವೆ. ಕೊಯ್ದು ನೋಡದೆ ಬೇರ್ಪಡಿಸುವುದು ಕಷ್ಟ, ‘ಚಪ್ಪಟೆ’ ಎಂದಷ್ಟೇ ಬರೆದು ಮುಂದೆ ಹೋಗಿ. ಮೇಲ್ತುದಿಯ ಬಿರುಕುಗಳಲ್ಲಿ ಸಾಸಿವೆಗಿಂತ ತುಸು ದೊಡ್ಡದಾಗಿ, ಕಪ್ಪಗೆ, ಗುಂಪಾಗಿರುವುದು ಪುಟ್ಟ ಪೆರಿವಿಂಕಲ್.

ಕಗ್ಗಂಟು ಇನ್ನೆರಡರದ್ದು: ತಿನ್ನುವ ವಿಂಕಲ್ (ಅಂದರೆ ಜನ ತಿನ್ನುವ ಪೆರಿವಿಂಕಲ್) ಮತ್ತು ಒರಟು ವಿಂಕಲ್. ಬೆಳೆದ ಮೇಲೆ ತೊಂದರೆಯಿಲ್ಲ, 2 ಸೆಂ.ಮೀ. ದಾಟಿದ, ನುಣುಪಾದ ಕಪ್ಪುಬೂದು ಚಿಪ್ಪು ತಿನ್ನುವ ವಿಂಕಲ್ಲೇ. ಅದರ ಮರಿಯ ಮೇಲೂ ಏಣುಗಳಿರುವುದರಿಂದ ಮೋಸಹೋಗುತ್ತೀರಿ. ಬಾಯಿಯ ಹೊರ ಅಂಚು ಮೇಲೆ ಹೋಗಿ ಮೈಯನ್ನು ಸೇರುವ ಮೂಲೆ ನೋಡಿ. ತಿನ್ನುವ ವಿಂಕಲ್‌ನಲ್ಲಿ ಅಂಚು ಓರೆಯಾಗಿ, ಜಾರುವಂತೆ ಸೇರುತ್ತದೆ. ಒರಟು ವಿಂಕಲ್‌ನಲ್ಲಿ ಗೋಡೆಗೆ ಅಟ್ಟ ಹೊಡೆದ ಹಾಗೆ ನೆಟ್ಟಗೆ, ಸುತ್ತುಗಳ ನಡುವಿನ ಗೆರೆಯೂ ಆಳ. ಆಗಲೂ ಅನುಮಾನವಿದ್ದರೆ ಬಿಳಿ ತಟ್ಟೆಯಲ್ಲಿ ಅರ್ಧ ಬೆರಳು ಕಡಲನೀರು ಹಾಕಿ ಹುಳುವನ್ನು ಬಿಡಿ. ಎರಡು ಮೂರು ನಿಮಿಷ ಅಲುಗಾಡಿಸದಿದ್ದರೆ ತಲೆ ಹೊರಹಾಕುತ್ತದೆ. ಮಸೂರದಲ್ಲಿ ಮೀಸೆ ನೋಡಿ: ಕಪ್ಪು ಗೆರೆಗಳು ಅಡ್ಡಡ್ಡ ಇದ್ದರೆ ತಿನ್ನುವ ವಿಂಕಲ್, ಉದ್ದುದ್ದ ಇದ್ದರೆ ಒರಟು. ನಲ್ಲಿನೀರು ಹಾಕಿದರೆ ಬಾಗಿಲು ಮುಚ್ಚಿ ಕೂರುತ್ತದೆ, ಸಂಜೆಯಾದರೂ ತೆರೆಯದು.

5. ಬಾರ್ನಕಲ್: ಎಣಿಸಿ

ಚಿಪ್ಪಿನ ಹಾಗೆ ಕಂಡರೂ ಇದು ಏಡಿ, ಸಿಗಡಿಗಳ ಕಡೆಯದು. ಚಾರ್ಲ್ಸ್ ಡಾರ್ವಿನ್ ಇದರ ಹಿಂದೆ ಎಂಟು ವರ್ಷ ಕಳೆದ, ನಾವು ಎಂಟು ನಿಮಿಷ ಕೊಡೋಣ. ಸುತ್ತಲಿನ ಗೋಡೆಯ ಫಲಕಗಳನ್ನು ಮಸೂರದಲ್ಲಿ ಎಣಿಸಿ. ನಾಲ್ಕೇ ಇದ್ದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯಿಂದ ಎರಡನೇ ಮಹಾಯುದ್ಧದ ಹೊತ್ತಿಗೆ ಹಡಗು ಹಿಡಿದು ಬಂದ ವಲಸಿಗ. ಆರಿದ್ದರೆ ನಡುವಿನ ಬಾಯಿಯ ಆಕಾರ ನೋಡಿ. ವಜ್ರದಂತೆ ಇದ್ದರೆ ಉತ್ತರದ ಚಳಿನೀರಿನ ಸೆಮಿಬಲಾನಸ್, ಗಾಳಿಪಟದಂತೆ ಇದ್ದರೆ ದಕ್ಷಿಣದ ಥಮಾಲಸ್. ಒತ್ತೊತ್ತಾಗಿ ಬೆಳೆದ ಮುದಿ ಗುಂಪಿನಲ್ಲಿ ಗೋಡೆಗಳು ಸವೆದು ಬೆಸೆದುಕೊಂಡಿರುತ್ತವೆ, ಎಣಿಕೆ ತಪ್ಪುತ್ತದೆ. ಗುಂಪಿನ ಅಂಚಿಗೆ ಬಂದು ಬಿಡಿಯಾಗಿ ಕೂತ ಎಳೆಯದನ್ನು ಆರಿಸಿಕೊಳ್ಳಿ.

6. ಲಿಂಪೆಟ್: ಕೀಳಬೇಡಿ

ಬಂಡೆಗೆ ಕಚ್ಚಿಕೊಂಡ ಟೋಪಿಯಾಕಾರದ ಲಿಂಪೆಟ್‌ನಲ್ಲಿ ಮೂರು ಜಾತಿ. ಖಚಿತವಾಗಿ ಹೇಳಲು ಅಡಿಯ ಪಾದದ ಬಣ್ಣ ನೋಡಬೇಕು, ಅದಕ್ಕಾಗಿ ಚಾಕು ಹಾಕಿ ಮೀಟುವವರಿದ್ದಾರೆ. ಲಿಂಪೆಟ್ ತನ್ನ ಚಿಪ್ಪಿನ ಅಂಚಿಗೆ ಸರಿಹೊಂದುವಂತೆ ಬಂಡೆಯಲ್ಲಿ ಗುರುತು ಕೊರೆದಿರುತ್ತದೆ, ಮೇಯಲು ಹೋದರೂ ಅಲ್ಲಿಗೇ ಮರಳುತ್ತದೆ. ಕಿತ್ತು ಬೇರೆಡೆ ಇಟ್ಟರೆ ಅಂಚು ಕೂಡದೆ ಒಣಗಿ ಸಾಯುತ್ತದೆ. ‘ಲಿಂಪೆಟ್’ ಎಂದಷ್ಟೇ ಬರೆಯಿರಿ. ಕೆಲ್ಪ್ ಎಲೆಯ ಮೇಲೆ, ನೀಲಿ ದೀಪದಂಥ ಗೆರೆಗಳಿರುವ ಪುಟ್ಟದು ಸಿಕ್ಕರೆ ಮಾತ್ರ ಅದು ನೀಲಿಗೆರೆ ಲಿಂಪೆಟ್, ಅನುಮಾನವೇ ಇಲ್ಲ.

7. ಏಡಿ ಮತ್ತು ಅನೆಮೋನೆ

ಇವು ಸುಲಭ. ಬೆನ್ನಚಿಪ್ಪಿನ ಅಂಚು ಕರ್ಜಿಕಾಯಿಯ ಹಾಗೆ ಮಡಚಿ, ಕೊಂಡಿಯ ತುದಿ ಕಪ್ಪಗಿದ್ದರೆ ತಿನ್ನುವ ಏಡಿ. ಕೆಂಪು ಕಣ್ಣು, ಹಿಂಗಾಲು ಹುಟ್ಟಿನಂತೆ ಚಪ್ಪಟೆ ಇದ್ದರೆ ವೆಲ್ವೆಟ್ ಏಡಿ, ಬೆರಳು ದೂರವಿಡಿ. ಬೆನ್ನಚಿಪ್ಪಿನ ಅಂಚಿನಲ್ಲಿ ಕಣ್ಣಿನ ಆಚೀಚೆ ಐದೈದು ಹಲ್ಲು, ಕಣ್ಣುಗಳ ನಡುವೆ ಮೂರು ಉಬ್ಬು ಇದ್ದರೆ ದಂಡೆ ಏಡಿ. ಇದು ಹಸಿರು, ಕೆಂಪು, ಕಂದು ಯಾವ ಬಣ್ಣದಲ್ಲೂ ಸಿಗುತ್ತದೆ. ‘ಸತ್ತ ಏಡಿ’ ಎಂದು ಮಕ್ಕಳು ತರುವುದರಲ್ಲಿ ಬಹಳಷ್ಟು ಬರೀ ಪೊರೆ. ಮೂಸಿ ನೋಡಿ, ನಾರುವುದಿಲ್ಲ. ಹಿಂಬದಿ ಡಬ್ಬಿಯ ಮುಚ್ಚಳದಂತೆ ತೆರೆಯುತ್ತದೆ.

ಬಂಡೆಗೆ ಅಂಟಿದ ಕೆಂಪು ಜೆಲ್ಲಿಯ ಗುಡ್ಡೆ ಮುದುಡಿದ ಬೀಡ್ಲೆಟ್ ಅನೆಮೋನೆ. ನೀರಿನಲ್ಲಿ ಅರಳಿದಾಗ ಎಳೆಗಳ ಬುಡದಲ್ಲಿ ನೀಲಿ ಮಣಿಗಳ ಸಾಲು. ಎಳೆಗಳನ್ನು ಒಳಗೆಳೆಯದೆ, ಹಸಿರಾಗಿ, ನೇರಳೆ ತುದಿಯೊಂದಿಗೆ ಹರಡಿಕೊಂಡದ್ದು ಸ್ನೇಕ್‌ಲಾಕ್ಸ್. ಇದು ಕುಟುಕುತ್ತದೆ, ಮುಟ್ಟಬೇಡಿ.

8. ಕಲ್ಲು ಎತ್ತುವುದು, ಫೋಟೊ ತೆಗೆಯುವುದು

ಎರಡೂ ಕೈಯಲ್ಲಿ ಎತ್ತಿ, ನೋಡಿ, ಅದೇ ಮಗ್ಗುಲಲ್ಲಿ ಅದೇ ಕುಳಿಗೆ ಮೆಲ್ಲಗೆ ಇಳಿಸಿ. ಮಗುಚಿಟ್ಟರೆ ಅಡಿಯ ನೆರಳಿಗೆ ಒಗ್ಗಿದ ಸ್ಪಂಜು, ಮೊಟ್ಟೆಗಳು ಬಿಸಿಲಿಗೆ ಬೇಯುತ್ತವೆ, ಮೇಲಿನ ಪಾಚಿ ಅಡಿಗೆ ಸಿಕ್ಕಿ ಕೊಳೆಯುತ್ತದೆ. ಕಲ್ಲು ಬಹಳ ಭಾರವೆನಿಸಿದರೆ ಬಿಟ್ಟುಬಿಡಿ. ತಟ್ಟೆಯ ನೀರನ್ನು ಹತ್ತು ನಿಮಿಷಕ್ಕೊಮ್ಮೆ ಬದಲಿಸಿ, ಹಿಡಿದ ಗುಂಡಿಗೇ ಬಿಡಿ. ಏಡಿಯನ್ನೂ ಚಿಕ್ಕ ಮೀನನ್ನೂ ಒಂದೇ ತಟ್ಟೆಯಲ್ಲಿಟ್ಟರೆ ಕೊನೆಗೆ ಗುರುತಿಸಲು ಉಳಿಯುವುದು ಏಡಿಯೊಂದೇ.

ಪ್ರತಿ ಜೀವಿಗೆ ಮೂರು ಫೋಟೊ ತೆಗೆಯಿರಿ: ಬೆನ್ನು, ಬಾಯಿ ಅಥವಾ ಹೊಟ್ಟೆ, ನಾಣ್ಯ ಪಕ್ಕದಲ್ಲಿಟ್ಟು ಸಿಕ್ಕ ಜಾಗ. ಮೂರನ್ನೂ ಕೊಟ್ಟರೆ ಆ್ಯಪ್ ಕೂಡ ಸಾಕಷ್ಟು ಸರಿ ಹೇಳುತ್ತದೆ. ಬೆನ್ನಿನದೊಂದನ್ನೇ ಕೊಟ್ಟರೆ ಡಾಗ್ ವೆಲ್ಕ್ ಕೂಡ ಪೆರಿವಿಂಕಲ್ ಆಗಿಬಿಡುತ್ತದೆ. ಕಂಡ ಜೀವಿಗಳನ್ನು ದಾಖಲಿಸುವ ತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಐರೆಕಾರ್ಡ್‌ಗೆ ಹಾಕುವಾಗ ಕುಲದವರೆಗೆ ಮಾತ್ರ ಖಚಿತವಿದ್ದರೆ ಕುಲದಲ್ಲೇ ನಿಲ್ಲಿಸಿ. ಹಲ್ಲಿನ ಬುಗುರಿಯಾದರೆ ಆ ಹಲ್ಲು ಕಾಣುವ ಫೋಟೊವನ್ನೇ ಮೊದಲು ಹಾಕಿ.